ಸೋತ ಕೈಯ ಪುನಸ್ಸಾಧನೆ

ಮಲೆನಾಡಿನ ಬದುಕು ಕೈಗಳನ್ನು ನಂಬಿ ನಿಂತದ್ದು. ಸಾಗರದ ಗುಡಿಗಾರರು ಶ್ರೀಗಂಧದ ತುಂಡಿನಲ್ಲಿ ಬಳ್ಳಿಯನ್ನೂ ಗಣಪತಿಯನ್ನೂ ಬಿಡಿಸುವ ಉಳಿಯ ಕೆಲಸವಾಗಲಿ, ಅದೇ ಸೀಮೆಯ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚ ಹಿಡಿದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಲ್ಲಿ ಎಳೆಯುವ ಹಸೆ ಚಿತ್ತಾರವಾಗಲಿ, ಹೊಸನಗರ ತೀರ್ಥಹಳ್ಳಿಗಳ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ನಡೆಸುವ ಅಡಿಕೆ ಸುಲಿತವಾಗಲಿ, ಎಲ್ಲವೂ ಎರಡು ಕೈಗಳ ಪರಸ್ಪರ ವಿಶ್ವಾಸದಿಂದ ನಡೆಯತಕ್ಕ ಕೆಲಸಗಳು. ಅಂತಹ ನಾಡಿನಲ್ಲಿ ಒಬ್ಬ ಗೃಹಸ್ಥನಿಗೆ ಲಕ್ವ ಹೊಡೆದು, ವೈದ್ಯರ ಪ್ರಯತ್ನದಿಂದ ಪ್ರಾಣವುಳಿದು, ಕೆಲವು ವಾರಗಳಲ್ಲಿ ಕೋಲೂರಿಕೊಂಡು ನಡೆಯುವಷ್ಟು ಕಾಲೂ ಕೂಡಿಬಂದು, ಕೈಯೊಂದು ಮಾತ್ರ ಮುಷ್ಟಿ ಬಿಗಿದುಕೊಂಡು ಎದೆಗೊರಗಿ ನಿಂತಿತೆಂದರೆ, ನೋಡಲು ಬಂದ ನೆಂಟರಿಷ್ಟರು ‘ಇಷ್ಟಾದರೂ ಆಯಿತಲ್ಲ’ ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಆದರೆ ಪಂಚೆಯ ಗಂಟನ್ನು ತಾನೇ ಕಟ್ಟಿಕೊಳ್ಳಲಾರದ, ತುತ್ತನ್ನು ತಾನೇ ಎತ್ತಲಾರದ, ಅಡಿಕೆಯ ಕೊನೆ ಇಳಿಸುವ ದಿನ ಜಗಲಿಯ ಮೇಲೆ ಕುಳಿತು ಅನ್ಯರ ದುಡಿಮೆಯನ್ನು ನೋಡುತ್ತಿರಬೇಕಾದ ಆ ಮನುಷ್ಯನಿಗೆ ಅಷ್ಟು ಸಮಾಧಾನ ಸಾಲದು, ಸಾಲಲೂ ಬಾರದು.

ಹಾಗೆ ಸೋತ ಕೈಗೆ ಮನೆಯಲ್ಲಿಯೇ ಶಿಕ್ಷಣ ಕೊಡುವ ಉಪಕರಣಗಳು ಈಗ ನಮ್ಮ ದೇಶದಲ್ಲಿಯೂ, ನಮ್ಮ ರಾಜ್ಯದಲ್ಲಿಯೂ ರೂಪುಗೊಳ್ಳುತ್ತಿವೆ. ಅವುಗಳಿಂದ ನಾವು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು, ಸಾಗರ ಹೊಸನಗರ ತೀರ್ಥಹಳ್ಳಿಗಳಂತಹ ಮಳೆ ಕಾಡುಗಳ ತಾಲ್ಲೂಕುಗಳಲ್ಲಿ ಅವು ಫಲಿಸಬೇಕಾದರೆ ಅವುಗಳೊಡನೆ ಇನ್ನೇನು ಕೂಡಿಬರಬೇಕು ಎಂಬುದನ್ನು ಶಾಂತವಾಗಿ ವಿಚಾರಿಸುವುದು ಅಗತ್ಯವಾಗಿದೆ.

ಕೈ ಏಕೆ ಕಡೆಗೆ ಮರಳುತ್ತದೆ

ಪಾರ್ಶ್ವವಾಯುವಿನಲ್ಲಿ ಕೈ ಕಾಲುಗಳು ಸೋಲುವುದಾದರೂ ಪೆಟ್ಟು ಬಿದ್ದಿರುವುದು ಮಿದುಳಿಗೆ. ಮಿದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಬಹುದು, ಇಲ್ಲವೆ ಒಡೆದು ಸೋರಬಹುದು, ಮುಚ್ಚಿಹೋಗುವುದೇ ಹೆಚ್ಚು. ಹಾಗೆ ಮುಚ್ಚಿಕೊಂಡಾಗ, ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಅಳಿಯುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಗಣನೆ ಹೇಳುತ್ತದೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ, ಅದೂ ತಲೆಯ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕೊಡಬೇಕು. ಆದುದರಿಂದ ಬಾಯಿ ಒಂದು ಕಡೆಗೆ ವಾಲಿ, ಒಂದು ಕೈ ಸೋತು, ಮಾತು ತೊದಲಿತೆಂದರೆ, ಮನೆಮದ್ದಿಗಾಗಲಿ ಎಣ್ಣೆ ಉಜ್ಜುವುದಕ್ಕಾಗಲಿ ಒಂದು ಕ್ಷಣವನ್ನೂ ವ್ಯಯಮಾಡದೆ ಸ್ಕ್ಯಾನ್ ಇರುವ ಆಸ್ಪತ್ರೆಯ ದಾರಿ ಹಿಡಿಯಬೇಕು. ಕೈಯ ಪುನಸ್ಸಾಧನೆಯ ಮೊದಲ ಹೆಜ್ಜೆ ಅದೇ. ಉಳಿಸಿಕೊಂಡಷ್ಟು ಮಿದುಳೇ ಮುಂದೆ ಕೈಗೆ ಗುರುವಾಗತಕ್ಕದ್ದು.

ಕೈಗೆ ಮಿದುಳಿನಲ್ಲಿ ದೊರೆತಿರುವ ಸ್ಥಳ ವಿಶಾಲವಾದುದು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ತಮ್ಮ ಸಹೋದ್ಯೋಗಿಯೊಡನೆ 1937ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಆರಂಭವಾದ ಮಿದುಳಿನ ನಕಾಶೆಯಲ್ಲಿ, ಬೆನ್ನಿಗೂ ಹೊಟ್ಟೆಗೂ ಅತ್ಯಲ್ಪವಾದ ಜಾಗವಿದ್ದರೆ, ಬೆರಳುಗಳಿಗೂ ತುಟಿ ನಾಲಗೆಗಳಿಗೂ ಬಹುದೊಡ್ಡ ಭಾಗ ಮೀಸಲಾಗಿದೆ. ಈ ಭಾಗಕ್ಕೆ ರಕ್ತವೀಯುವ ಮಧ್ಯದ ಧಮನಿಯೇ ಹೆಪ್ಪಿಗೆ ಅತ್ಯಂತ ಹೆಚ್ಚಾಗಿ ತುತ್ತಾಗುವುದರಿಂದ ಕೈಯೂ ಮುಖವೂ ಮಾತೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಕಾಲು ನೆಟ್ಟಗೆ ನಿಂತು ಭಾರ ಹೊತ್ತರೆ ಅರ್ಧ ಕೆಲಸ ಸಾಗುತ್ತದೆ. ಕೈಗಾದರೋ ಪ್ರತ್ಯೇಕ ಬೆರಳಿನ ಪ್ರತ್ಯೇಕ ಚಲನೆ ಬೇಕು. ಅದರಲ್ಲಿಯೂ ಮುಷ್ಟಿ ಹಿಡಿಯುವ ಶಕ್ತಿ ಮುಂಚೆ ಬಂದು, ಮುಷ್ಟಿಯನ್ನು ಬಿಚ್ಚುವ ಶಕ್ತಿ ಬಹಳ ತಡವಾಗಿ ಬರುತ್ತದೆ; ಹಿಡಿದ ಲೋಟವನ್ನು ಬಿಡಲಾರದೆ ರೋಗಿ ಮತ್ತೊಂದು ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ದೃಶ್ಯವನ್ನು ಇಂತಹ ಮನೆಗಳಲ್ಲಿ ಕಾಣದವರಿಲ್ಲ.

ಆದರೂ ಮಿದುಳು ಕೈಬಿಟ್ಟು ಕೂರುವುದಿಲ್ಲ. ಮಳೆಗಾಲದಲ್ಲಿ ಧರೆ ಕುಸಿದು ಹೆದ್ದಾರಿ ಮುಚ್ಚಿಹೋದಾಗ ಊರವರು ಗುಡ್ಡದ ಮೇಲಿಂದ ನಡೆದು ನಡೆದೇ ಹೊಸ ಕಾಲುಹಾದಿಯೊಂದು ಬೀಳುವಂತೆ, ನಶಿಸಿದ ಭಾಗದ ನೆರೆಯಲ್ಲಿ ಉಳಿದ ನರಕೋಶಗಳು ಬಳಕೆಯ ಬಲದಿಂದ ಹೊಸ ಸಂಬಂಧಗಳನ್ನು ಕೂಡಿಸಿಕೊಳ್ಳುತ್ತವೆ. 1996ರಲ್ಲಿ ಅಮೆರಿಕದ ರ‍್ಯಾಂಡಲ್ ನೂಡೊ ಮತ್ತು ಅವರ ಸಂಗಡಿಗರು ಮಂಗಗಳಲ್ಲಿ ಇದನ್ನು ತೋರಿಸಿಕೊಟ್ಟರು: ಮಿದುಳಿಗೆ ಪೆಟ್ಟಾದ ಮೇಲೆ ಕೈಗೆ ಸಣ್ಣ ಗುಳಿಗಳಿಂದ ಆಹಾರವನ್ನು ಹೆಕ್ಕುವ ಅಭ್ಯಾಸವನ್ನು ಪಟ್ಟುಹಿಡಿದು ಮಾಡಿಸಿದಲ್ಲಿ, ಉಳಿದ ಕೈಭಾಗವು ಕುಗ್ಗದೆ ನಿಂತುದಲ್ಲದೆ ಕೆಲವೆಡೆ ಅಕ್ಕಪಕ್ಕದ ಜಾಗಕ್ಕೂ ಹಬ್ಬಿತು. ಈ ಶಕ್ತಿ ಮೊದಲ ಮೂರು ತಿಂಗಳಲ್ಲಿ ಉತ್ಕಟವಾಗಿರುತ್ತದೆ. ಅನಂತರ ಮಂದವಾಗುತ್ತದೆಯೇ ಹೊರತು ಮುಗಿದುಹೋಗುವುದಿಲ್ಲ.

ಸಂಖ್ಯೆಯ ಪ್ರಶ್ನೆ, ದಾರಿಯ ಪ್ರಶ್ನೆ

ಬಳಕೆಯೇ ಔಷಧವೆಂದಾದ ಮೇಲೆ ಅದರ ಪ್ರಮಾಣವೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಮಿದುಳನ್ನು ಬದಲಿಸಿದ ಅಭ್ಯಾಸ ದಿನಕ್ಕೆ ನೂರಾರು ಸಲದ್ದು. ಮನುಷ್ಯರ ಚಿಕಿತ್ಸಾಲಯಗಳಲ್ಲಿ ನಿಜವಾಗಿ ನಡೆಯುವುದೆಷ್ಟೆಂದು ಅಮೆರಿಕದ ಕ್ಯಾಥರಿನ್ ಲ್ಯಾಂಗ್ ಮತ್ತು ಅವರ ಜೊತೆಯವರು ಪಕ್ಕದಲ್ಲಿ ಕುಳಿತು ಎಣಿಸಿ 2009ರಲ್ಲಿ ಪ್ರಕಟಿಸಿದರು: ಒಂದು ಅಧಿವೇಶನದಲ್ಲಿ ಕೈಗೆ ಸಿಕ್ಕ ಉದ್ದೇಶಪೂರ್ವಕ ಚಲನೆಗಳು ಸರಾಸರಿ 32. ಸಮೃದ್ಧ ದೇಶದ ಚಿಕಿತ್ಸಾಲಯದ ಸ್ಥಿತಿಯೇ ಇದಾದರೆ, ವಾರಕ್ಕೊಮ್ಮೆಯೂ ಚಿಕಿತ್ಸಕರ ಮುಖ ಕಾಣದ ನಮ್ಮ ಹಳ್ಳಿಯ ಕೈಗೆ ದೊರೆಯುವುದೆಷ್ಟು?

ಇಲ್ಲಿಯೇ ದಾರಿಯ ಪ್ರಶ್ನೆ ಬರುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು, ಸಾಗರದಿಂದ ಸುಮಾರು 70. ಅದಕ್ಕಿಂತ ಮೊದಲು ಮನೆಯಿಂದ ಬಸ್ಸಿನ ರಸ್ತೆಗೆ ಬರುವ ತೋಟದ ದಾರಿ ಬೇರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಆಗುಂಬೆ ಘಾಟಿಯನ್ನಿಳಿದು ಮಣಿಪಾಲಕ್ಕೋ ರೋಗಿಯನ್ನು ಕರೆದೊಯ್ದು ತರುವುದೆಂದರೆ ಮನೆಯ ಇಬ್ಬರ ಒಂದಿಡೀ ದಿನದ ದುಡಿಮೆ, ಬಾಡಿಗೆ ಕಾರಿನ ಖರ್ಚು, ಕೂತು ಬಳಲಿದ ರೋಗಿಯ ಆಯಾಸ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಜನರು ಆರು ದಶಕ ಕಾಲ ಲಾಂಚಿಗಾಗಿ ಕಾಯುತ್ತ ಆಸ್ಪತ್ರೆಗೆ ಹೋದವರು. ಅಂಬಾರಗೊಡ್ಲು ಕಳಸವಳ್ಳಿಗಳ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದುದು 2025ರ ಜುಲೈ 14ರಂದು. ಸೇತುವೆ ಬಂದುದರಿಂದ ತುರ್ತಿನ ದಾರಿ ಸುಗಮವಾಯಿತು, ಅದೊಂದು ದೊಡ್ಡ ಉಪಕಾರ. ಆದರೆ ದಿನಕ್ಕೆ ನೂರಾರು ಸಲ, ತಿಂಗಳುಗಟ್ಟಲೆ ನಡೆಯಬೇಕಾದ ಅಭ್ಯಾಸ ಯಾವ ಸೇತುವೆಯ ಮೇಲೂ ನಿತ್ಯ ಪ್ರಯಾಣ ಮಾಡಲಾರದು. ಅದು ಮನೆಯಲ್ಲಿಯೇ ನೆಲೆಯೂರಬೇಕು.

ಉಪಕರಣಗಳು ಮಾಡುತ್ತಿರುವುದೇನು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಅವೀಕ್ ಬಿಡ್ ಅವರ ತಂಡವು 2023ರಲ್ಲಿ ಇಂತಹ ಕೈಗಳಿಗೆಂದೇ ನಿರ್ಮಿಸಿದ ಒಂದು ಮೃದುವಾದ ಕೈಗವಸನ್ನು ಲೋಕಕ್ಕೆ ಪರಿಚಯಿಸಿತು. ರೋಗಿಯ ಕೈಯ ಅಳತೆಗೆ ಸರಿಯಾಗಿ ತ್ರಿಮಾನ ಮುದ್ರಣದಿಂದ ತಯಾರಾಗುವ ಈ ಗವಸಿನಲ್ಲಿ ಬೆಳಕೇ ಅಳತೆಗೋಲು. ಮೃದು ಪದಾರ್ಥದೊಳಗೆ ಹಾಯುವ ಬೆಳಕು, ಬೆರಳು ಬಾಗಿದಂತೆಲ್ಲ ವ್ಯತ್ಯಾಸಗೊಳ್ಳುತ್ತದೆ. ಆ ವ್ಯತ್ಯಾಸವನ್ನು ಓದಿಕೊಂಡು, ಬೆರಳು ಬಾಗಿತೆಂಬುದನ್ನಲ್ಲದೆ ಅದರ ಪ್ರತಿಯೊಂದು ಗಿಣ್ಣೂ ಎಷ್ಟು ಬಾಗಿತೆಂಬುದನ್ನು ಸಹ ಉಪಕರಣ ತಿಳಿಸಬಲ್ಲುದು. ಆ ಲೆಕ್ಕ ಅಂತರ್ಜಾಲದ ಮೂಲಕ ದೂರದ ಚಿಕಿತ್ಸಕರನ್ನು ಮುಟ್ಟುತ್ತದೆ. ಹತ್ತು ತಿಂಗಳಿಗೂ ಮೀರಿ ಬಳಸಿದರೂ ಸೂಕ್ಷ್ಮತೆ ಕುಂದಲಿಲ್ಲವೆಂದೂ, ಬೆಲೆ 1000 ರೂಪಾಯಿಗಿಂತ ಕಡಿಮೆಯಾದೀತೆಂದೂ ತಂಡದವರು ಆಗ ತಿಳಿಸಿದ್ದರು. ನಿನ್ನೆ ಬೆರಳಿನ ನಡುಗಿಣ್ಣು ತೆರೆದುದಕ್ಕಿಂತ ಇಂದು ಕೂದಲೆಳೆಯಷ್ಟು ಹೆಚ್ಚಾಗಿ ತೆರೆಯಿತೆಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದುದರಿಂದಲೇ ರೋಗಿ ಮೂರನೆಯ ವಾರಕ್ಕೆ ನಿರಾಶನಾಗಿ ಅಭ್ಯಾಸ ಬಿಡುತ್ತಾನೆ. ಆ ಸೂಕ್ಷ್ಮ ಪ್ರಗತಿಯನ್ನು ಅಂಕೆಯಾಗಿ ಕಣ್ಣಮುಂದೆ ನಿಲ್ಲಿಸುವುದೇ ಇಂತಹ ಗವಸಿನ ಪರಮೋಪಕಾರ.

ಮದರಾಸಿನ ಐಐಟಿಯೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜೂ ಕೂಡಿ ನಿರ್ಮಿಸಿದ ‘ಪ್ಲೂಟೊ’ ಎಂಬುದು ಮತ್ತೊಂದು ಬಗೆಯದು. ಮೇಜಿನ ಮೇಲಿಡಬಹುದಾದ ಈ ಪುಟ್ಟ ಯಂತ್ರಕ್ಕೆ ಮೋಟಾರು ಒಂದೇ. ಅದಕ್ಕೆ ಬೇರೆ ಬೇರೆ ಹಿಡಿಗಳನ್ನು ಸಿಕ್ಕಿಸಿಕೊಂಡು ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸುವುದು, ಮುಂಗೈಯನ್ನು ಅಂಗಾತ ಬೋರಲು ಮಾಡುವುದು, ಮುಷ್ಟಿಯನ್ನು ತೆರೆದು ಮುಚ್ಚುವುದು ಮುಂತಾದ ಅಭ್ಯಾಸಗಳನ್ನು ಮಾಡಬಹುದು. ರೋಗಿ ತನ್ನ ಶಕ್ತಿಯಿದ್ದಷ್ಟು ಪ್ರಯತ್ನಿಸಿದ ಮೇಲೆ ಉಳಿದುದಕ್ಕೆ ಮಾತ್ರ ಯಂತ್ರ ನೆರವಾಗುತ್ತದೆ. ಪರದೆಯ ಮೇಲಿನ ಆಟ ಆ ಪ್ರಯತ್ನಕ್ಕೆ ಗುರಿಯೊಂದನ್ನು ಒದಗಿಸುತ್ತದೆ. ಇಲ್ಲಿ ಒಂದು ವಿವೇಚನೆ ಅವಶ್ಯ. ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಗಾಳಿ ತುಂಬಿ ಬೆರಳುಗಳನ್ನು ತಾನಾಗಿ ಮಡಿಸಿ ಬಿಡಿಸುವ ಗವಸುಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ಗಿಣ್ಣುಗಳು ಬಿಗಿಯದಂತೆ ಸಡಿಲವಾಗಿಡಲು ಅವು ಸಹಾಯಕವಾದಾವು. ಆದರೆ ರೋಗಿ ಟಿ.ವಿ. ನೋಡುತ್ತ ಕುಳಿತು ಕೈಯನ್ನು ಯಂತ್ರಕ್ಕೊಪ್ಪಿಸಿಬಿಟ್ಟರೆ ಮಿದುಳು ಕಲಿಯುವುದು ಸ್ವಲ್ಪ. ಇಚ್ಛೆ ಮುಂದಾಗಿ ಯಂತ್ರ ಹಿಂದಾಗಬೇಕು.

ಯಂತ್ರವೇ ಇಲ್ಲದ ಉಪಾಯಗಳೂ ಉಂಟು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಖ್ಯಾತರಾದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರ ಕನ್ನಡಿ ಚಿಕಿತ್ಸೆ ಅಂತಹದು: ಎದೆಯ ನೇರಕ್ಕೆ ನಿಲ್ಲಿಸಿದ ಕನ್ನಡಿಯ ಹಿಂದೆ ಸೋತ ಕೈಯನ್ನಿಟ್ಟು, ಮುಂದೆ ಒಳ್ಳೆಯ ಕೈಯನ್ನಾಡಿಸುತ್ತ ಪ್ರತಿಬಿಂಬವನ್ನು ನೋಡಿದರೆ, ಸೋತ ಕೈಯೇ ಆಡುತ್ತಿರುವಂತೆ ಮಿದುಳಿಗೆ ತೋರುತ್ತದೆ. ಪಾರ್ಶ್ವವಾಯುವಿಗೆ ಇದನ್ನು ಅನ್ವಯಿಸಿದ ಮೊದಲ ಸಣ್ಣ ಪ್ರಯೋಗ ಲಾನ್ಸೆಟ್ ಪತ್ರಿಕೆಯಲ್ಲಿ ಬಂದುದು 1999ರಲ್ಲಿ. ಎಡ್ವರ್ಡ್ ಟಾಬ್ ಎಂಬವರ ವಿಧಾನದಲ್ಲಿಯಾದರೋ ಒಳ್ಳೆಯ ಕೈಗೆ ಗವಸು ತೊಡಿಸಿ ಕಟ್ಟಿಹಾಕಿ, ಎಲ್ಲ ಕೆಲಸವನ್ನೂ ಸೋತ ಕೈಗೇ ವಹಿಸುತ್ತಾರೆ. 2006ರಲ್ಲಿ 222 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ ಪ್ರಕಟವಾಯಿತು. ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳು ಕಳೆದವರಲ್ಲಿಯೂ ಎರಡೇ ವಾರಗಳ ಈ ಕಟ್ಟುನಿಟ್ಟು ಅಭ್ಯಾಸದಿಂದ ಕಂಡ ಸುಧಾರಣೆ ಒಂದು ವರ್ಷದ ತರುವಾಯವೂ ಉಳಿದಿತ್ತು. ಆದರೆ ಮಣಿಕಟ್ಟನ್ನೂ ಬೆರಳುಗಳನ್ನೂ ಅಷ್ಟಿಷ್ಟಾದರೂ ಎತ್ತಬಲ್ಲವರಿಗೆ ಮಾತ್ರ ಈ ಮಾರ್ಗ ಯೋಗ್ಯ.

ಪರೀಕ್ಷೆಗಳು ಕಲಿಸಿದ ವಿವೇಕ

ಯಂತ್ರವನ್ನು ಕೊಂಡು ತಂದ ಮಾತ್ರಕ್ಕೆ ಕೈ ಬರುತ್ತದೆಂದು ಯಾರೂ ಭ್ರಮಿಸಬಾರದು. ಬ್ರಿಟನ್ನಿನಲ್ಲಿ 770 ರೋಗಿಗಳನ್ನೊಳಗೊಂಡು 2019ರಲ್ಲಿ ಲಾನ್ಸೆಟ್‌ನಲ್ಲಿ ವರದಿಯಾದ ಪರೀಕ್ಷೆಯಲ್ಲಿ, ಬೆಲೆಬಾಳುವ ರೋಬೋಟಿನಿಂದ ಕೈಗೆ ಅಭ್ಯಾಸ ಮಾಡಿಸಿದರೂ ದೈನಂದಿನ ಕೆಲಸಗಳಿಗೆ ಬೇಕಾದ ಸಾಮರ್ಥ್ಯ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಾಗಲಿಲ್ಲ. ಹಾಗಾದರೆ ಮನೆಯವರೇ ಚಿಕಿತ್ಸಕರಾಗಲಿ ಎನ್ನೋಣವೆ? ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಡನೆ ನಡೆದು 2017ರಲ್ಲಿ ಪ್ರಕಟವಾದ ‘ಅಟೆಂಡ್’ ಎಂಬ ಮಹತ್ತ್ವದ ಪರೀಕ್ಷೆ ಅದಕ್ಕೂ ಉತ್ತರ ಕೊಟ್ಟಿದೆ. ಕುಟುಂಬದವರೊಬ್ಬರಿಗೆ ತರಬೇತಿ ಕೊಟ್ಟು ಅವರ ಮೇಲೆ ಹೊಣೆ ಹೊರಿಸಿದಾಗ, ಆರು ತಿಂಗಳ ಬಳಿಕ ಸಾವಿಗೀಡಾದವರ ಮತ್ತು ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಆ ಗುಂಪಿನಲ್ಲಿಯೂ ಸಾಮಾನ್ಯ ಆರೈಕೆ ಮಾತ್ರ ದೊರೆತ ಗುಂಪಿನಲ್ಲಿಯೂ ಸಮವಾಗಿಯೇ, ನೂರಕ್ಕೆ 47ರಂತೆ, ಇತ್ತು. ಮನೆಯವರ ಪ್ರೀತಿಯಲ್ಲಿ ಕೊರತೆಯಿದ್ದಿತೆಂದು ಇದರ ಅರ್ಥವಲ್ಲ. ಕೆಲವು ದಿನಗಳ ತರಬೇತಿಯೊಡನೆ ಪ್ರೀತಿಯನ್ನು ಒಬ್ಬಂಟಿಯಾಗಿ ಬಿಟ್ಟರೆ ಅದು ದಾರಿ ಕಾಣದೆ ದಣಿಯುತ್ತದೆಂದು ನಾನು ಇದರಿಂದ ತಿಳಿಯುತ್ತೇನೆ.

ಮೂರನೆಯ ಪರೀಕ್ಷೆಯೊಂದು ಭರವಸೆ ಕೊಡುತ್ತದೆ. ಅಮೆರಿಕದ 11 ಕೇಂದ್ರಗಳಲ್ಲಿ, ಕೈ ಸೋತ 124 ಮಂದಿಯಲ್ಲಿ ಕೆಲವರಿಗೆ ಚಿಕಿತ್ಸಾಲಯದಲ್ಲಿಯೂ, ಉಳಿದವರಿಗೆ ಮನೆಗೆ ಕಳುಹಿಸಿದ ಕಂಪ್ಯೂಟರು ಹಾಗೂ ಆಟದ ಸಾಮಗ್ರಿಗಳ ಮೂಲಕವೂ, ತಲಾ 70 ನಿಮಿಷಗಳ 36 ಅಧಿವೇಶನಗಳ ಅಭ್ಯಾಸವನ್ನು ಮಾಡಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮನೆಯ ಕೈ ಚಿಕಿತ್ಸಾಲಯದ ಕೈಗಿಂತ ಹಿಂದುಳಿಯಲಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು: ಮನೆಯ ಅಧಿವೇಶನಗಳಲ್ಲಿ ಅರ್ಧದಷ್ಟಕ್ಕೆ ನುರಿತ ಚಿಕಿತ್ಸಕರು ವಿಡಿಯೊ ಮೂಲಕ ಎದುರಿಗಿದ್ದರು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವ ಸತ್ಯ ಇಷ್ಟು: ಉಪಕರಣ, ಮನೆಯವರು, ಚಿಕಿತ್ಸಕರು ಎಂಬ ಮೂವರೂ ಕೂಡಿದಲ್ಲಿ ಮಾತ್ರ ಕೈಗೆ ನ್ಯಾಯ ಸಿಕ್ಕೀತು; ಮೂವರಲ್ಲಿ ಒಬ್ಬರು ತಪ್ಪಿದರೂ ಉಳಿದಿಬ್ಬರ ಶ್ರಮ ಸೋರಿಹೋಗುತ್ತದೆ.

ಜಗಲಿಯ ಮೇಲಿನ ಅಭ್ಯಾಸ

ಹೊಸನಗರದ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ಭಾವಿಸಿಕೊಳ್ಳೋಣ. ಬಲಗೈ ಸೋತ ಹಿರಿಯರು ಊಟಕ್ಕೆ ಕುಳಿತಿದ್ದಾರೆ; ಸೊಸೆ ‘ಬಿಡಿ ಮಾವಯ್ಯ, ನಾನೇ ಕಲಸಿ ಕೊಡ್ತೀನಿ’ ಎನ್ನುತ್ತಾಳೆ. ಅಂತಃಕರಣದಿಂದ ಬಂದ ಈ ಮಾತು ದಿನಕ್ಕೆ ಹತ್ತು ಸಲ ಪುನರಾವೃತ್ತಿಯಾದರೆ ಕೈ ತನ್ನ ಉದ್ಯೋಗವನ್ನೇ ಮರೆಯುತ್ತದೆ. ಅದರ ಬದಲು ಅವಳು ‘ಮಾವಯ್ಯ, ಈ ಲೋಟ ಒತ್ತಿ ಹಿಡ್ಕಳಿ, ನಾನು ನೀರು ಹೊಯ್ತೀನಿ’ ಎಂದಳೆನ್ನಿ; ಸೋತ ಕೈ ಸಹಾಯಕನ ಪದವಿಗೆ ಏರಿತು. ಮುಂದೆ ಜಗಲಿಯ ಮೇಲೆ ಮೊರದಲ್ಲಿ ಒಣಗಿದ ಅಡಿಕೆಯನ್ನು ಹರಡಿ, ರಾಶಿಯನ್ನೂ ಬೆಟ್ಟೆಯನ್ನೂ ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕಬಹುದು. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಿ, ಅಡಿಕೆಯೊಂದನ್ನು ಹಿಡಿದು, ಎತ್ತಿ, ದಾಟಿಸಿ, ಬೆರಳು ಬಿಚ್ಚಿ ಬೀಳಿಸುವ ಈ ಒಂದು ಚಲನೆಯಲ್ಲಿ ಚಿಕಿತ್ಸಕರು ಬಯಸುವ ನಾಲ್ಕು ಅಂಶಗಳೂ ಅಡಗಿವೆ. ಕಡೆಯದಾದ ಬೆರಳು ಬಿಚ್ಚುವಿಕೆಯೇ ಅತ್ಯಂತ ಕಷ್ಟದ್ದು, ಅತ್ಯಂತ ಬೆಲೆಯುಳ್ಳದ್ದು. ಒಂದು ಬಟ್ಟಲು ತುಂಬುವಾಗ ನೂರು ಸಲದ ಅಭ್ಯಾಸ ಸಂದಿರುತ್ತದೆ, ಮನೆಯ ಕೆಲಸವೂ ನಡೆದಿರುತ್ತದೆ. ಹೆಂಗಸರಿಗೆ ಹೂಬತ್ತಿ ಹೊಸೆಯುವುದು, ಅಕ್ಕಿ ಆರಿಸುವುದು, ಚಿತ್ತಾರ ಬಲ್ಲವರಿಗೆ ದಪ್ಪ ಹಿಡಿಯ ಕುಂಚದಿಂದ ನೇರ ಗೆರೆ ಎಳೆಯುವುದು ಇದೇ ಫಲವನ್ನು ಕೊಡಬಲ್ಲವು.

ಎಚ್ಚರದ ಮಾತುಗಳೂ ಕೆಲವು. ಸೋತ ಕೈಗೆ ಅನೇಕ ವೇಳೆ ಸ್ಪರ್ಶಜ್ಞಾನವೂ ಕುಂದಿರುವುದರಿಂದ ಮೆಟ್ಟುಗತ್ತಿಯ ಬಳಿಗಾಗಲಿ, ಬಚ್ಚಲ ಹಂಡೆಯ ಕುದಿನೀರಿನ ಬಳಿಗಾಗಲಿ, ಬಿಸಿ ಕಾಫಿಯ ಲೋಟಕ್ಕಾಗಲಿ ಅದನ್ನು ಬಿಡಬಾರದು. ರೋಗಿಯನ್ನು ಏಳಿಸುವಾಗ ಸೋತ ಕೈಯನ್ನು ಹಿಡಿದೆಳೆದರೆ ಸಡಿಲಗೊಂಡ ಭುಜದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಕಾಡಿ, ಅಭ್ಯಾಸವೇ ನಿಂತುಹೋಗುವುದುಂಟು. ವಿದ್ಯುತ್ ಸ್ಪಂದನದಿಂದ ಸ್ನಾಯುಗಳನ್ನು ಪ್ರಚೋದಿಸುವ ಉಪಕರಣಗಳನ್ನು, ವಿಶೇಷವಾಗಿ ಎದೆಯಲ್ಲಿ ಪೇಸ್‌ಮೇಕರ್ ಇರುವವರು, ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಪಿ ಮಾತ್ರೆಯನ್ನು ತಪ್ಪಿಸಿದವನಿಗೆ ಎರಡನೆಯ ಆಘಾತ ಬಂದರೆ ಮೊದಲ ಸಾಧನೆಯೆಲ್ಲ ಕೊಚ್ಚಿಹೋಗುತ್ತದೆಂಬುದನ್ನೂ ಮರೆಯಲಾಗದು.

ಮಾಡಬೇಕಾದ ಕಾರ್ಯ

ಉಪಕರಣ ನಿರ್ಮಿಸುವ ವಿಜ್ಞಾನಿಗಳಲ್ಲಿ ಮಲೆನಾಡಿನ ಪರವಾಗಿ ಕೆಲವು ಬಿನ್ನಹಗಳಿವೆ. ಇಲ್ಲಿ ಆಷಾಢದ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದುಂಟು. ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲವೆಂದು ಹಳ್ಳಿಗರು ಸಾರಿದ ಸೀಮೆಯಿದು. ಆದುದರಿಂದ ಉಪಕರಣವು ಬ್ಯಾಟರಿಯಿಂದ ನಡೆಯಬೇಕು. ಸಂಪರ್ಕವಿಲ್ಲದ ದಿನಗಳ ಲೆಕ್ಕವನ್ನು ತನ್ನಲ್ಲಿಯೇ ಇಟ್ಟುಕೊಂಡು ಸಂಪರ್ಕ ಸಿಕ್ಕಾಗ ಕಳುಹಿಸಬೇಕು. ತೇವಕ್ಕೂ ಬೂಷ್ಟಿಗೂ ಅಳುಕಬಾರದು. ಸೂಚನೆಗಳನ್ನು ಸ್ಪಷ್ಟವಾದ ಕನ್ನಡದಲ್ಲಿ ಧ್ವನಿಯಾಗಿ ನುಡಿಯಬೇಕು, ಏಕೆಂದರೆ ಪಾರ್ಶ್ವವಾಯು ಕೆಲವರಲ್ಲಿ ಓದುವ ಶಕ್ತಿಯನ್ನೂ ಕುಂದಿಸಿರುತ್ತದೆ.

ಸರ್ಕಾರದ ಕರ್ತವ್ಯ ಇನ್ನೂ ದೊಡ್ಡದು. ನಿಮ್ಹಾನ್ಸ್ ಸಹಯೋಗದೊಡನೆ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ಪಾರ್ಶ್ವವಾಯುವಿನಂತಹ ರೋಗಗಳ ಆರೈಕೆಯನ್ನು ಜಿಲ್ಲೆಗಳತ್ತ ತರುವ ಸತ್ಸಂಕಲ್ಪದಿಂದ ಹೊರಟಿತು. ಆ ಸಂಕಲ್ಪ ತಾಲ್ಲೂಕಿಗೂ, ತಾಲ್ಲೂಕಿನಿಂದ ಮನೆಗೂ ಇಳಿಯಬೇಕು. ಪ್ರತಿಯೊಂದು ತಾಲ್ಲೂಕಿಗೂ ಕೈಯ ಪುನಸ್ಸಾಧನೆಯಲ್ಲಿ ನುರಿತ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಇರಬೇಕು. ಅವರಿಗೆ ಮನೆಗಳನ್ನು ಸುತ್ತಿ ಬರಲು ವಾಹನವಿರಬೇಕು. ಒಬ್ಬ ರೋಗಿಗೆ ಒಂದು ಉಪಕರಣ ಹೆಚ್ಚೆಂದರೆ ಕೆಲವು ತಿಂಗಳು ಬೇಕಾಗುವುದು. ಕೊಂಡುಕೊಳ್ಳುವ ಭಾರವನ್ನು ಬಡವರ ಮೇಲೆ ಹೊರಿಸದೆ, ತಾಲ್ಲೂಕು ಆಸ್ಪತ್ರೆಯಲ್ಲಿಯೇ ಎರವಲು ಕೊಡುವ ಭಂಡಾರವೊಂದನ್ನು ತೆರೆದರೆ ಒಂದೇ ಉಪಕರಣ ವರ್ಷಕ್ಕೆ ಹಲವು ಮನೆಗಳಿಗೆ ಹೋಗಿ ಬಂದೀತು. ಬೆಳೆಗಾರರು ಒಟ್ಟುಗೂಡಿ ಮ್ಯಾಮ್ಕೋಸ್‌ನಂತಹ ಸಹಕಾರ ಸಂಘಗಳನ್ನು ಕಟ್ಟಿ ಬೆಳೆಸಿದ ಈ ನಾಡಿಗೆ ಅಂತಹ ಭಂಡಾರಕ್ಕೆ ಹೆಗಲು ಕೊಡುವ ಶಕ್ತಿಯೂ ಇದೆ, ಸಂಪ್ರದಾಯವೂ ಇದೆ. ಮನೆಮನೆಯ ಪರಿಚಯವುಳ್ಳ ಆಶಾ ಕಾರ್ಯಕರ್ತೆಯರಿಗೆ ತಕ್ಕ ಗೌರವಧನವಿತ್ತು ತರಬೇತಿ ಕೊಟ್ಟರೆ, ಅಭ್ಯಾಸ ನಿಂತ ಮನೆಯ ಸುದ್ದಿ ಚಿಕಿತ್ಸಕರಿಗೆ ಅದೇ ವಾರ ಮುಟ್ಟೀತು.

ಇವೆಲ್ಲಕ್ಕಿಂತ ಮೊದಲು, ಹಣದ ಹಂಗಿಲ್ಲದೆ ನಾಳೆಯೇ ಆಗಬಹುದಾದ ಒಂದು ಸುಧಾರಣೆಯಿದೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರನ್ನು ಬರೆಯುವಷ್ಟೇ ನಿಷ್ಠೆಯಿಂದ ಕೈಯ ಅಭ್ಯಾಸವನ್ನೂ ಬರೆಯಬೇಕು: ಯಾವ ಚಲನೆ, ದಿನಕ್ಕೆ ಎಷ್ಟು ಸಲ, ಮನೆಯ ಯಾವ ಕೆಲಸದಿಂದ, ಮತ್ತೆ ಅಳೆದು ನೋಡುವವರು ಯಾರು, ಯಾವ ದಿನ. ಇದನ್ನು ಕೇಳಿ ಪಡೆಯುವ ಹಕ್ಕು ರೋಗಿಗೂ ಅವನ ಮನೆಯವರಿಗೂ ಉಂಟು. ವೈದ್ಯರ ಮುಂದೆ ಸಂಕೋಚಪಡದೆ ಅವರು ಅದನ್ನು ಕೇಳಬೇಕು. ಪ್ರಾಣವನ್ನುಳಿಸಿ ನಡೆಯಲು ಕಲಿಸಿ ಕಳುಹಿಸಿದಲ್ಲಿಗೆ ಚಿಕಿತ್ಸೆ ಪೂರ್ಣವಾಯಿತೆಂಬ ಭಾವನೆ ವೈದ್ಯರಲ್ಲಿಯೂ ಜನರಲ್ಲಿಯೂ ಅಳಿಯಬೇಕು. ದುಡಿದು ಬದುಕುವ ಜನಕ್ಕೆ, ತನ್ನ ಕೈಯಿಂದ ತಾನು ಉಣ್ಣುವ ಮತ್ತು ಮನೆಯ ಕೆಲಸಕ್ಕೆ ಕೈಜೋಡಿಸುವ ಶಕ್ತಿ ಮರಳಿದಾಗಲೇ ಆರೋಗ್ಯ ಮರಳಿತೆಂದು ಲೆಕ್ಕ.